ಮದ್ದು ಸದ್ದಿಗೆ, ಅಳತೆ ಗುರಿಗೆ

ಬೇಲೂರಿಗೂ ಹಳೇಬೀಡಿಗೂ ನಡುವೆ ಹದಿನಾರು ಕಿಲೋಮೀಟರಿನ ದಾರಿ. ಆ ದಾರಿಯಲ್ಲಿ ಹೋಗುವ ಪ್ರವಾಸಿಗರ ಮನಸ್ಸು ಹಿಂದೆ ಬಿಟ್ಟುಬಂದ ಗುಡಿಯಲ್ಲೋ ಮುಂದೆ ಸಿಗಲಿರುವ ಗುಡಿಯಲ್ಲೋ ನೆಟ್ಟಿರುತ್ತದೆಯೇ ಹೊರತು ನಡುವಣ ಊರುಗಳ ಕಡೆಗೆ ಹೊರಳುವುದಿಲ್ಲ. ಅದು ಸಹಜವೇ ಸರಿ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ದೇವರ ಸನ್ನಿಧಿಯಿಂದ ಬಂದವರು ನಮ್ಮ ಹೆಂಚಿನ ಮನೆಗಳನ್ನು ಏಕೆ ನೋಡಿಯಾರು? ಆ ದಾರಿಯ ಬದಿಯ ಒಂದು ಹಳ್ಳಿಯಲ್ಲಿ ಹುಟ್ಟಿ, ಬಹಳ ವರ್ಷ ಇತಿಹಾಸದ ಮೇಷ್ಟ್ರಾಗಿ ದುಡಿದವನು ನಾನು. ಮಕ್ಕಳಿಗೆ ಹೊಯ್ಸಳರ ಕತೆಯನ್ನು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಈಗ ಹೇಳಹೊರಟಿರುವುದು ಕಲ್ಲಿನ ಇತಿಹಾಸವಲ್ಲ, ನಮ್ಮ ನಡುಮನೆಯ ಗೋಡೆಯ ಮೇಲಿದ್ದ ಒಂದು ಕೇಪಿನ ಕೋವಿಯ ಇತಿಹಾಸ.

ಪಟ್ಟಣದ ಓದುಗರಿಗಾಗಿ ಎರಡು ಮಾತು. ತೋಟಾ ಕೋವಿಗೆ ಹಿಂದಿನಿಂದ ತೋಟಾ ತುರುಕಿದರಾಯಿತು. ಕೇಪಿನ ಕೋವಿ ಹಾಗಲ್ಲ. ಅದಕ್ಕೆ ಎಲ್ಲವನ್ನೂ ಬಾಯಿಯಿಂದಲೇ ಉಣಿಸಬೇಕು. ಮೊದಲು ಮದ್ದು, ಅದರ ಮೇಲೆ ನಾರಿನ ಉಂಡೆ, ಅದರ ಮೇಲೆ ಚರೆ ಅಥವಾ ಗುಂಡು, ಮತ್ತೆ ಮೇಲೊಂದು ನಾರು. ಒಂದೊಂದನ್ನೂ ಗಜವೆಂಬ ಸಲಾಕೆಯಿಂದ ಹದವಾಗಿ ಗುದ್ದಿ ಕೂರಿಸಬೇಕು. ಕೊನೆಗೆ ಹಿಂತುದಿಯ ತೂತಿನ ಮೊಳೆಯ ಮೇಲೆ ತಾಮ್ರದ ಕೇಪನ್ನಿಟ್ಟರೆ ಕೋವಿ ಸಿದ್ಧ. ಕುದುರೆ ಬಿದ್ದು ಕೇಪು ಸಿಡಿದರೆ ಅದರ ಕಿಡಿ ಒಳಗಿನ ಮದ್ದನ್ನು ಮುಟ್ಟುತ್ತದೆ. ಒಂದು ಈಡು ಹೊಡೆದು ಮತ್ತೊಂದಕ್ಕೆ ಅಣಿಯಾಗುವ ಹೊತ್ತಿಗೆ ಹಂದಿಯು ಒಂದು ಗದ್ದೆ ದಾಟಿ ಇನ್ನೊಂದು ಗದ್ದೆಯಲ್ಲಿರುತ್ತದೆ. ಆದ್ದರಿಂದ ಕೇಪಿನ ಕೋವಿಯವನಿಗೆ ಇರುವುದು ಒಂದೇ ಅವಕಾಶ. ಗುರಿಯ ವಿಷಯದಲ್ಲಿ ಅವನಷ್ಟು ತಲೆ ಕೆಡಿಸಿಕೊಂಡವರು ಬೇರೆ ಯಾರೂ ಇರಲಾರರು.

ನಮ್ಮಜ್ಜ ಬೇಟೆಯ ಷೋಕಿನವರಲ್ಲ. ಬೆಳೆ ಕಾಯಲೆಂದು ಸರ್ಕಾರದ ಪರವಾನಗಿ ಪಡೆದು ಕೋವಿ ಇಟ್ಟುಕೊಂಡಿದ್ದರು. ಕಾರ್ತಿಕದಲ್ಲಿ ಬತ್ತ ಹಾಲುಗಟ್ಟುವ ಹೊತ್ತಿಗೆ ಕಾಡುಹಂದಿಗಳು ಗುಂಪುಗುಂಪಾಗಿ ಇಳಿಯುತ್ತಿದ್ದವು. ಒಂದೇ ರಾತ್ರಿಯಲ್ಲಿ ಅರ್ಧ ಗದ್ದೆ ನೆಲಸಮವಾಗುತ್ತಿತ್ತು. ಅಜ್ಜನ ಬಳಿ ವಾಟೆ ಬಿದಿರಿನ ಒಂದು ಅಳತೆಯ ಕೊಳವೆ ಇತ್ತು. ಅದರ ಮೈಮೇಲೆ ಚಾಕುವಿನಿಂದ ಗೀರಿದ ಎರಡು ಗೆರೆಗಳು. ಕೆಳಗಿನದು ಬೇಸಗೆಯ ಮದ್ದಿಗೆ, ಮೇಲಿನದು ಮಳೆಗಾಲದಲ್ಲಿ ತೇವ ಹಿಡಿದು ಸತ್ತ್ವ ಕುಗ್ಗಿದ ಮದ್ದಿಗೆ. ಎರಡಕ್ಕೂ ನಡುವಿನ ಅಂತರ ಒಂದು ಜೋಳದ ಕಾಳಿನಷ್ಟೂ ಇರಲಿಲ್ಲ. ನಾರೂ ಅಷ್ಟೆ, ಸಿಕ್ಕಿದ್ದಾಗದು. ಅರಸೀಕೆರೆಯ ಸಂತೆಗೆ ಹೋದಾಗ ತೆಂಗಿನ ನಾರಿನ ಒಂದು ಸಿವುಡು ತಂದು, ಬಿಸಿಲಿಗೆ ಹಾಕಿ, ಧೂಳು ಕೊಡವಿ, ಒಂದೇ ತೂಕದ ಉಂಡೆಗಳನ್ನು ಮಾಡಿ ಡಬ್ಬಿಯಲ್ಲಿ ತುಂಬಿಡುತ್ತಿದ್ದರು. ನೋಡಿದವರು ನಗುತ್ತಿದ್ದರು. “ಗೌಡರು ಹಂದಿಗೆ ಉಂಡೆ ಕಟ್ತಾ ಕೂತವ್ರೆ” ಎಂದು ಹಾಸ್ಯ ಮಾಡುತ್ತಿದ್ದರು.

ಹಾಗೆ ನಕ್ಕವರಲ್ಲಿ ನಮ್ಮ ಚಿಕ್ಕಪ್ಪನೂ ಒಬ್ಬ. ನಾನು ಎರಡನೆಯ ತರಗತಿಯಲ್ಲಿದ್ದೆ. ಆ ವರ್ಷ ಅಜ್ಜ ಜ್ವರದಿಂದ ಮಲಗಿದ್ದಾಗ ಕಾವಲು ಚಿಕ್ಕಪ್ಪನ ಪಾಲಿಗೆ ಬಂತು. ಅಳತೆಯ ಕೊಳವೆಯನ್ನು ಅವನು ಮುಟ್ಟಲಿಲ್ಲ. ದೊಡ್ಡ ಹಂದಿ, ದೊಡ್ಡ ಮದ್ದು ಎಂಬುದು ಅವನ ಲೆಕ್ಕ. ಅಂಗೈಗೆ ಸುರಿದುಕೊಂಡು, ಸಾಲದೆಂದು ಮೇಲಿಷ್ಟು ಸುರಿದು ಬಾಯಿಗೆ ಹೊಯ್ದನಂತೆ. ಇಪ್ಪತ್ತೈದು ಹೆಜ್ಜೆಯ ದೂರದಲ್ಲಿ ನಿಂತ ಹಂದಿಗೆ ಈಡು ಹೊಡೆದ. ಸದ್ದಿಗೆ ಊರೆಲ್ಲ ಎದ್ದಿತು. ಹಂದಿ ಬೀಳಲಿಲ್ಲ, ತೊಡೆಗೆ ನಾಲ್ಕಾರು ಚರೆ ತಗುಲಿ ಲಂಟಾನದ ಪೊದೆಗೆ ನುಗ್ಗಿತು. ಮರುದಿನ ಬೆಳಿಗ್ಗೆ ರಕ್ತದ ಜಾಡು ಹಿಡಿದು ಹೋದವನು ನಮ್ಮ ಮನೆಯ ಆಳು. ಗಾಯಗೊಂಡ ಹಂದಿ ಅವನ ಮೇಲೆ ಎರಗಿ ತೊಡೆ ಸೀಳಿತು. ಗಾಡಿಯಲ್ಲಿ ಹಾಕಿಕೊಂಡು ಹಾಸನದ ಆಸ್ಪತ್ರೆಗೆ ಒಯ್ದರು. ಜೀವ ಉಳಿಯಿತು. ಆದರೆ ಸಾಯುವವರೆಗೂ ಅವನು ಆ ಕಾಲನ್ನು ಎಳೆದುಕೊಂಡೇ ನಡೆದ.

“ಕೋವೀದೇ ತಪ್ಪು ಅಪ್ಪಯ್ಯ, ಗುರಿ ನೇರವಾಗೇ ಹಿಡ್ದಿದ್ದೆ” ಎಂದ ಚಿಕ್ಕಪ್ಪ.

ಅಜ್ಜ ಆಗ ಏನೂ ಹೇಳಲಿಲ್ಲ. ಮೈ ಸರಿಹೋದ ಮೇಲೆ ಒಂದು ದಿನ ಅಡಿಕೆಯ ಹಾಳೆಗಳನ್ನು ತರಿಸಿ, ಒಂದೊಂದರ ಮೇಲೂ ಸುಣ್ಣದಿಂದ ಊಟದ ತಟ್ಟೆಯಗಲದ ಒಂದು ಸುತ್ತು ಬರೆದು, ಹಿತ್ತಿಲಿನ ಹಲಸಿನ ಮರಕ್ಕೆ ಸಾಲಾಗಿ ಕಟ್ಟಿಸಿದರು. ಇಪ್ಪತ್ತೈದು ಹೆಜ್ಜೆ ಎಣಿಸಿ ನಿಂತರು. ಮೊದಲ ಹಾಳೆಗೆ ಚಿಕ್ಕಪ್ಪ ಹಾಕಿದಷ್ಟೇ ಮದ್ದು. ಹೊಗೆ ಚೆದುರಿದ ಮೇಲೆ ನೋಡಿದರೆ ಸುಣ್ಣದ ಸುತ್ತಿನ ನಡುವೆ ಬರಿದೋ ಬರಿದು. ಚರೆಗಳೆಲ್ಲ ಅಂಚಿನಾಚೆ ಚೆಲ್ಲಾಪಿಲ್ಲಿ. ಎರಡನೆಯದಕ್ಕೆ ಕೊಳವೆಯ ಅಳತೆಯ ಮದ್ದು. ಅದೇ ಕೋವಿ, ಅದೇ ಚರೆ, ಅದೇ ಕೈ. ಸುತ್ತಿನೊಳಗೆ ಜರಡಿಯಂತೆ ತೂತು. ಮೂರನೆಯದಕ್ಕೂ ಅಷ್ಟೇ ಮದ್ದು, ಆದರೆ ಅರ್ಧ ನಾರು. ಚರೆ ಮತ್ತೆ ಚೆದುರಿತು. ಅಜ್ಜ ಮಗನ ಕಡೆ ತಿರುಗಿ ಹೇಳಿದ ಮಾತು ನನಗೆ ಈಗಲೂ ನೆನಪಿದೆ: “ಮದ್ದು ಸದ್ದಿಗೆ ಕಣ್ಲಾ, ಅಳತೆ ಗುರಿಗೆ. ಒಂದ್ಸಲಕ್ಕೆ ಒಂದನ್ನೇ ಬದಲ್ಸಿ ನೋಡು. ಎಲ್ಲಾನೂ ಒಟ್ಟಿಗೆ ಬದಲ್ಸಿದ್ರೆ ಯಾವುದ್ರಿಂದ ಏನಾಯ್ತು ಅಂತ ಆ ಬ್ರಹ್ಮನಿಗೂ ಗೊತ್ತಾಗಕಿಲ್ಲ.”

ಅದೇ ಸಂಜೆ ಒಂಟಿ ಗುಂಡಿನ ಪಾಠವೂ ಆಯಿತು. ಕೊಳವೆಗಿಂತ ತುಸು ಸಣ್ಣದಾದ ಸೀಸದ ಗುಂಡನ್ನು ಬರಿದೇ ಹಾಕಿ ಹೊಡೆದರೆ ನಲವತ್ತು ಹೆಜ್ಜೆಯಲ್ಲಿ ಹಾಳೆಗೇ ತಾಗಲಿಲ್ಲ. ಎಣ್ಣೆ ಸವರಿದ ತೆಳು ಬಟ್ಟೆಯ ಚೂರಿನಲ್ಲಿ ಸುತ್ತಿ, ಬಿಗಿಯಾಗಿ ಕೂರಿಸಿ ಹೊಡೆದಾಗ ಸುಣ್ಣದ ಸುತ್ತಿನೊಳಗೇ ಹೊಕ್ಕಿತು. ಇದಕ್ಕೆ ಅಜ್ಜ “ಗುಂಡಿಗೆ ಅಂಗಿ ತೊಡಿಸೋದು” ಎನ್ನುತ್ತಿದ್ದರು.

ಅಜ್ಜನ ಈ ಮಾತಿಗೆ ಇತಿಹಾಸದಲ್ಲಿ ಎಷ್ಟು ದೊಡ್ಡ ಸಾಕ್ಷಿಯಿದೆಯೆಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞನ ವಿಷಯ ಓದಿದಾಗ. ಅಹಿಂಸೆಯನ್ನು ವ್ರತವಾಗಿ ಹಿಡಿದ ಕ್ವೇಕರ್ ಪಂಥದ ಮನೆಯಲ್ಲಿ 1707ರಲ್ಲಿ ಹುಟ್ಟಿದ ಈತನು ಕೋವಿಯ ಶಾಸ್ತ್ರಕ್ಕೆ ಆದಿಪುರುಷನಾದದ್ದು ವಿಧಿಯ ವಿನೋದ. 1742ರಲ್ಲಿ ಅವನ ಗ್ರಂಥ ಹೊರಬಂದಿತು. ಅದುವರೆಗೆ ಗುಂಡಿನ ವೇಗವನ್ನು ಅಳೆಯುವ ಬಗೆಯೇ ಇರಲಿಲ್ಲ. ರಾಬಿನ್ಸನು ಮರದ ಒಂದು ದಿಮ್ಮಿಯನ್ನು ಉಯ್ಯಾಲೆಯಂತೆ ತೂಗುಹಾಕಿ ಅದಕ್ಕೆ ಗುಂಡು ಹೊಡೆದ. ದಿಮ್ಮಿ ಎಷ್ಟು ತೂಗಿತೆಂಬುದರಿಂದ ಗುಂಡಿನ ವೇಗವನ್ನು ಲೆಕ್ಕ ಹಾಕಿದ. ಮದ್ದು ಹೆಚ್ಚಿಸಿದರೆ ವೇಗ ಹೆಚ್ಚುವುದು ನಿಜ. ಆದರೆ ಆ ಹೆಚ್ಚಿನ ವೇಗದ ಬಹುಪಾಲನ್ನು ಎದುರಿನ ಗಾಳಿಯೇ ನುಂಗಿಬಿಡುತ್ತದೆಂದು ಆಗ ಕಂಡಿತು. ಫಿರಂಗಿಗಳಿಗೆ ಮನಸ್ವೀ ಮದ್ದು ತುಂಬುವುದು ವ್ಯರ್ಥವೆಂದು ಅವನು ವಾದಿಸಿದ. ಮಹಾ ಗಣಿತಜ್ಞನಾದ ಆಯ್ಲರನು ಆ ಪುಸ್ತಕವನ್ನು 1745ರಲ್ಲಿ ತಾನೇ ಜರ್ಮನ್ ಭಾಷೆಗೆ ತಂದನೆಂದರೆ ಅದರ ಬೆಲೆ ಎಷ್ಟೆಂದು ಊಹಿಸಬಹುದು.

ರಾಬಿನ್ಸನ ಇನ್ನೊಂದು ಪರೀಕ್ಷೆ ನಮ್ಮ ಅಡಿಕೆ ಹಾಳೆಯ ಪರೀಕ್ಷೆಗೆ ಸೋದರನೇ ಸರಿ. ನೇರವಾಗಿ ಹಿಡಿದ ಕೋವಿಯ ಗುಂಡು ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ಏಕೆ ಸರಿಯುತ್ತದೆ? ಕೊಳವೆಯೊಳಗೆ ಸಡಿಲವಾಗಿರುವ ಗುಂಡು ಗೋಡೆಗೆ ಉಜ್ಜಿ ಬುಗುರಿಯಂತೆ ಸುತ್ತಲು ತೊಡಗುತ್ತದೆ, ಸುತ್ತುವ ಗುಂಡನ್ನು ಗಾಳಿ ಒಂದು ಪಕ್ಕಕ್ಕೆ ತಳ್ಳುತ್ತದೆ ಎಂದು ಅವನ ಊಹೆ. ಅದನ್ನು ತೋರಿಸಲು ಒಂದು ಕೋವಿಯ ಬಾಯನ್ನು ಎಡಕ್ಕೆ ಬಾಗಿಸಿ, ಮುಂದೆ ಕಾಗದದ ತೆರೆಗಳನ್ನು ನಿಲ್ಲಿಸಿ ಹೊಡೆದ. ಗುಂಡು ಮೊದಲು ಎಡಕ್ಕೆ ಹೋಗಿ, ಆಮೇಲೆ ದಾರಿಯಲ್ಲೇ ಬಲಕ್ಕೆ ಹೊರಳಿತು. ಹುಚ್ಚುಹುಚ್ಚಾಗಿ ಸುತ್ತುವ ಗುಂಡಿಗೆ ಗುರಿಯಿಲ್ಲ. ಅದನ್ನು ಹೋಗುವ ದಿಕ್ಕಿನ ಸುತ್ತಲೇ ತಿರುಗುವಂತೆ ಮಾಡುವ ಸುರುಳಿಗೆರೆಯ ಕೋವಿ, ಎಂದರೆ ರೈಫಲ್, ಇದಕ್ಕೆ ಮದ್ದೆಂದು ಸಾರಿದ. ಈ ಮನುಷ್ಯ ಕೊನೆಗೆ ಬಂದದ್ದು ನಮ್ಮ ದಕ್ಷಿಣ ದೇಶಕ್ಕೇ. ಕೋಟೆಗಳನ್ನು ಸರಿಪಡಿಸಲು ಈಸ್ಟ್ ಇಂಡಿಯಾ ಕಂಪನಿ ಅವನನ್ನು ಕಳುಹಿಸಿತು. 1751ರ ಜುಲೈಯಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ಅವನು ತೀರಿಕೊಂಡ.

ಅವನು ಹೇಳಿದ್ದನ್ನು ಸೈನ್ಯಗಳು ಕೇಳಲು ನೂರು ವರ್ಷ ಬೇಕಾಯಿತು. ಕಾರಣ ಸರಳ. ಕೋವಿಮದ್ದು ಉರಿದ ಮೇಲೆ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆ ಮತ್ತು ಮಸಿಯಾಗಿ ಉಳಿದು, ನಾಲ್ಕು ಈಡು ಹೊಡೆಯುವುದರೊಳಗೆ ಕೊಳವೆಯ ಒಳಗೋಡೆಗೆ ಮೆತ್ತಿಕೊಳ್ಳುತ್ತದೆ. ಆಮೇಲೆ ಬಿಗಿಯಾದ ಗುಂಡು ಒಳಗಿಳಿಯದು. ಯುದ್ಧದಲ್ಲಿ ಕೊಳವೆ ತೊಳೆಯುತ್ತ ಕೂರುವವರಾರು? ಆದ್ದರಿಂದ ಬ್ರಿಟಿಷ್ ಸಿಪಾಯಿಯ ‘ಬ್ರೌನ್ ಬೆಸ್’ ಕೋವಿಯ ಕೊಳವೆ ಮುಕ್ಕಾಲು ಅಂಗುಲವಿದ್ದರೆ ಅದರ ಗುಂಡು 0.69 ಅಂಗುಲ. ಒಂದೂವರೆ ಮಿಲಿಮೀಟರಿನ ಈ ಸಂದು ತುಂಬುವ ವೇಗಕ್ಕೆ ತೆತ್ತ ಬೆಲೆ. ನೂರು ಗಜ ದಾಟಿದ ಮೇಲೆ ಒಬ್ಬ ಮನುಷ್ಯನಿಗೆ ಗುರಿಯಿಡುವ ಮಾತೇ ಇಲ್ಲ. ಸಾಲುಸಾಲಾಗಿ ನಿಂತು ಒಟ್ಟಿಗೆ ಹೊಡೆಯಬೇಕು, ತಾಗಿದವರಿಗೆ ತಾಗಲಿ.

ನಮ್ಮ ನಾಡಿನ ಯುದ್ಧಗಳನ್ನೂ ಈ ಸಂದಿನಿಂದಲೇ ನೋಡಬಹುದು. 1520ರಲ್ಲಿ ಕೃಷ್ಣದೇವರಾಯನು ರಾಯಚೂರನ್ನು ಮುತ್ತಿದಾಗ ಕ್ರಿಸ್ತೊವಾವ್ ದ ಫಿಗೆರೆದೊ ಎಂಬ ಪೋರ್ಚುಗೀಸನ ಜೊತೆಗಾರರು ಕೆಲವರು ಕೋವಿ ಹಿಡಿದು ಬಂದಿದ್ದರು. ಗೋಡೆಯ ಮೇಲೆ ತಲೆ ತೋರಿದವರನ್ನು ಅವರು ಒಬ್ಬೊಬ್ಬರನ್ನಾಗಿ ಹೊಡೆದರೆಂದೂ, ಕೆಳಗೆ ಬಗ್ಗಿ ನೋಡಿದ ಕೋಟೆಯ ಅಧಿಕಾರಿಯ ಹಣೆಗೇ ಗುಂಡು ತಗುಲಿತೆಂದೂ ನ್ಯೂನಿಜ್ ಬರೆದಿದ್ದಾನೆ. ಸಾವಿರಾರು ಆನೆ ಕುದುರೆಗಳ ಆ ಸೈನ್ಯದಲ್ಲಿ ನಾಲ್ಕು ಜನರ ಗುರಿಗೆ ಅಷ್ಟು ಬೆಲೆ ಬಂತು.

ನಮ್ಮ ಸೀಮೆಗೇ ಬಂದರೆ, ವಿಜಯನಗರದ ಕಾಲಕ್ಕೆ ಬೇಲೂರು ನಾಯಕರ ಕೈಸೇರಿತಷ್ಟೆ. ಮುಂದೆ ಅವರೇ ಐಗೂರು, ಬಲಂ ಪಾಳೆಯಗಾರರೆನಿಸಿದರು. ಶ್ರೀರಂಗಪಟ್ಟಣ ಬಿದ್ದ ಮೇಲೂ ಬಲಂ ಪಾಳೆಯಗಾರ ತಲೆ ಬಾಗಲಿಲ್ಲ. ಅರೇಕೆರೆಯ ಕಾಡಿನಲ್ಲಿ (ಇದು ಅರಸೀಕೆರೆಯಲ್ಲ; ಹೆಸರಿನ ಹೋಲಿಕೆಯಿಂದ ಮೋಸಹೋಗಬಾರದು) ಅವನು ಭದ್ರವಾಗಿ ಕುಳಿತ. 1800ರಲ್ಲಿ ಕಂಪನಿಯ ಪಡೆ ಅಲ್ಲಿಗೆ ನುಗ್ಗಿ ಬಹಳ ಪೆಟ್ಟು ತಿಂದಿತು. 1802ರ ಜನವರಿಯಲ್ಲಿ ಆರ್ಥರ್ ವೆಲ್ಲೆಸ್ಲಿ ತಾನೇ ಬರಬೇಕಾಯಿತು. ಹದಿಮೂರು ವರ್ಷಗಳ ಮೇಲೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದನಲ್ಲ, ಅದೇ ವೆಲ್ಲೆಸ್ಲಿ. ಅರೇಕೆರೆ ಬಿತ್ತು, ಪಾಳೆಯಗಾರ ಸಿಕ್ಕಿಬಿದ್ದು ಗಲ್ಲಿಗೇರಿದ. ಆ ಕಾಡನ್ನು ಬಲ್ಲವರಿಗೆ ಒಂದು ಸಂಗತಿ ಸ್ಪಷ್ಟ. ಬಿದಿರುಮೆಳೆಯಲ್ಲಿ ಮೂವತ್ತು ಹೆಜ್ಜೆಯಾಚೆ ಕಣ್ಣೇ ಹಾಯದು. ಅಲ್ಲಿ ಸಾಲು ನಿಂತು ಹೊಡೆಯುವ ಕವಾಯತಿಗೆ ಬೆಲೆಯಿಲ್ಲ. ಒಂದೇ ಈಡನ್ನು ಹದವಾಗಿ ತುಂಬಿ ಕಾದು ಕುಳಿತವನೇ ಮೇಲು. ಕಾಡು ಅವನ ಕೋವಿಯ ಕೊರತೆಯನ್ನು ತುಂಬಿಕೊಡುತ್ತದೆ.

ಅಲ್ಲಿಂದ ಸಕಲೇಶಪುರದಾಚೆಗೆ ಹೋದರೆ ಟಿಪ್ಪು ಕಟ್ಟಿಸಿ 1792ರಲ್ಲಿ ಮುಗಿಸಿದ ಮಂಜರಾಬಾದ್ ಕೋಟೆ ಸಿಗುತ್ತದೆ. ಎಂಟು ಮೂಲೆಯ ನಕ್ಷತ್ರದ ಆಕಾರ. ಬೇಲೂರು ಹಳೇಬೀಡುಗಳ ಜಗತಿಯೂ ನಕ್ಷತ್ರ, ಅರಸೀಕೆರೆಯ ಈಶ್ವರನ ಗುಡಿಯ ಮುಂದಿನ ಮಂಟಪವೂ ನಕ್ಷತ್ರ. ಗುಡಿಯಲ್ಲಿ ಮೂಲೆಗಳನ್ನು ಇಟ್ಟದ್ದು ಬಿಸಿಲು ನೆರಳುಗಳು ಆಡಲೆಂದು. ಕೋಟೆಯಲ್ಲಿ ಇಟ್ಟದ್ದು, ಒಂದು ಮೂಲೆಯಲ್ಲಿ ನಿಂತವನ ಗುಂಡು ಪಕ್ಕದ ಗೋಡೆಯ ಬುಡವನ್ನು ಕಾಯಲೆಂದು. ಏಳು ಶತಮಾನಗಳಲ್ಲಿ ಒಂದೇ ಆಕಾರಕ್ಕೆ ಅರ್ಥ ಎಷ್ಟು ಬದಲಾಯಿತೆಂದು ಮಕ್ಕಳಿಗೆ ಹೇಳುವಾಗ ನನಗೆ ಪ್ರತಿಸಲವೂ ಹೊಟ್ಟೆಯಲ್ಲಿ ಏನೋ ಸಂಕಟವಾಗುತ್ತಿತ್ತು.

ಆ ಸಂದಿನ ಸಮಸ್ಯೆಯನ್ನು ಬಿಡಿಸಿದ್ದು ಹತ್ತೊಂಬತ್ತನೆಯ ಶತಮಾನ. ಸ್ಕಾಟ್ಲೆಂಡಿನ ಫೋರ್ಸೈತ್ ಎಂಬ ಪಾದ್ರಿ, ಚಕಮಕಿ ಕೋವಿಯ ಮಿಂಚಿಗೆ ಹಕ್ಕಿಗಳು ಬೆದರಿ ಹಾರುವುದನ್ನು ಕಂಡು, ಪೆಟ್ಟಿಗೆ ಸಿಡಿಯುವ ಮದ್ದಿನ ಉಪಾಯಕ್ಕೆ 1807ರಲ್ಲಿ ಪೇಟೆಂಟು ಪಡೆದ. ಮುಂದೆ ಅದೇ ತಾಮ್ರದ ಕೇಪಾಗಿ ಬೆಳೆದು ನಮ್ಮಜ್ಜನ ಕೋವಿಯವರೆಗೂ ಬಂತು. 1849ರಲ್ಲಿ ಫ್ರಾನ್ಸಿನ ಮಿನಿಯೆ ಎಂಬ ಸೈನ್ಯಾಧಿಕಾರಿ ಬುಡದಲ್ಲಿ ಟೊಳ್ಳಾದ, ಮುಂದೆ ಚೂಪಾದ ಗುಂಡನ್ನು ತಂದ. ಅದು ಕೊಳವೆಗಿಂತ ಸಣ್ಣದು, ಸರಾಗವಾಗಿ ಇಳಿಯುತ್ತದೆ. ಮದ್ದು ಸಿಡಿದೊಡನೆ ಅದರ ಬುಡ ಅರಳಿ ಸುರುಳಿಗೆರೆಗಳನ್ನು ಕಚ್ಚಿಕೊಳ್ಳುತ್ತದೆ. ಇಳಿಯುವಾಗ ಸಡಿಲ, ಹೊರಡುವಾಗ ಬಿಗಿ. ಇದೇ ತತ್ತ್ವದ ಎನ್‌ಫೀಲ್ಡ್ ಕೋವಿ 1853ರಲ್ಲಿ ಬಂತು. ಅದರ ಗುಂಡನ್ನು ಸುತ್ತಿದ ಕಾಗದಕ್ಕೆ ಜಿಡ್ಡು ಸವರಬೇಕಾಗಿತ್ತು. ಜಿಡ್ಡಿದ್ದರೆ ಗುಂಡು ಜಾರಿ ಇಳಿಯುತ್ತದೆ, ಮಸಿಯೂ ಮೆತ್ತಗಾಗುತ್ತದೆ. ಆ ಜಿಡ್ಡು ಯಾವ ಪ್ರಾಣಿಯದೆಂಬ ಸಂಶಯದಿಂದ 1857ರಲ್ಲಿ ಏನಾಯಿತೆಂಬುದನ್ನು ಓದುಗರಿಗೆ ಹೇಳಬೇಕಾದ್ದಿಲ್ಲ. ಆ ಬಂಡಾಯಕ್ಕೆ ಬೇರೆ ಎಷ್ಟೋ ದೊಡ್ಡ ಕಾರಣಗಳುಂಟು. ಆದರೂ ಕಿಡಿ ತಾಗಿದ್ದು ಗುಂಡಿಗೂ ಕೊಳವೆಗೂ ನಡುವಿನ ಆ ಕೂದಲೆಳೆಯ ಸಂದಿನಲ್ಲಿಯೇ ಎಂಬುದು ಇತಿಹಾಸದ ವಿಚಿತ್ರಗಳಲ್ಲಿ ಒಂದು.

ಫಿರಂಗಿಗಳಲ್ಲಿ ಇದೇ ಸಂದಿಗೆ ಇನ್ನೊಂದು ಉಪಾಯವಿತ್ತು. ಗುಂಡಿನ ಬುಡಕ್ಕೆ ಮರದ ಒಂದು ಬಿಲ್ಲೆಯನ್ನು ಜೋಡಿಸಿ ಹೊಡೆಯುತ್ತಿದ್ದರು. ಅದಕ್ಕೆ ಫ್ರೆಂಚರು ‘ಸಾಬೊ’ ಎಂದು ಹೆಸರಿಟ್ಟರು. ಅವರ ಭಾಷೆಯಲ್ಲಿ ಅದು ರೈತರು ಮೆಟ್ಟುವ ಮರದ ಪಾದರಕ್ಷೆ, ನಮ್ಮ ಹಾವುಗೆಯ ದಾಯಾದಿ. ಬಾಯಿಂದ ತುಂಬುವ ಕೋವಿಯಲ್ಲಿ ಬೇಟೆಯಾಡಲು ಅಮೆರಿಕದ ಎಷ್ಟೋ ಸಂಸ್ಥಾನಗಳಲ್ಲಿ ಇಂದಿಗೂ ಬೇರೆಯೇ ಋತುವುಂಟು. ಅಲ್ಲಿನವರು ಸಣ್ಣ ಗುಂಡಿಗೆ ಪ್ಲಾಸ್ಟಿಕ್ಕಿನ ಸಾಬೊ ತೊಡಿಸಿ ದೊಡ್ಡ ಕೊಳವೆಯಲ್ಲಿ ಬಿಗಿಯಾಗಿ ಕೂರಿಸುತ್ತಾರೆ. ಕೊಳವೆಯಿಂದ ಹೊರಬಿದ್ದೊಡನೆ ಅದು ಕಳಚಿ ಬೀಳುತ್ತದೆ, ಗುಂಡು ಮಾತ್ರ ಮುಂದೆ ಸಾಗುತ್ತದೆ. ಮದ್ದನ್ನು ಇಷ್ಟಿಷ್ಟೇ ಏರಿಸಿ ಇಳಿಸಿ, ಗುಂಡು ಬದಲಿಸಿ, ಸಾಬೊ ಬದಲಿಸಿ, ಕಾಗದದ ಗುರಿಯ ಮೇಲೆ ತೂತುಗಳು ಎಲ್ಲಿ ಒತ್ತಾಗಿ ಬೀಳುತ್ತವೆಂದು ನೋಡುತ್ತಾರೆ. ಇದನ್ನು ಓದಿದಾಗ ನನಗೆ ನಗು ಬಂತು. ಅವರು ಗುಂಡಿಗೆ ಹಾವುಗೆ ಮೆಟ್ಟಿಸಿದರು, ನಮ್ಮಜ್ಜ ಅಂಗಿ ತೊಡಿಸಿದ್ದರು. ಅವರದು ಕಾಗದ, ನಮ್ಮದು ಅಡಿಕೆಯ ಹಾಳೆ. ಉಳಿದದ್ದೆಲ್ಲ ಒಂದೇ.

ನಮ್ಮಲ್ಲಿ ಆ ಕಾಲ ಮುಗಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬೇಟೆ ಅಪರಾಧವಾಯಿತು, ಆಗಬೇಕಾದದ್ದೇ. ಬೆಳೆ ಕಾಯುವ ಕೋವಿಗೆ 1959ರ ಆಯುಧ ಕಾಯಿದೆಯ ಪರವಾನಗಿ ಬೇಕು, ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಒಪ್ಪಿಸಬೇಕು. ಪಕ್ಕದ ಕೊಡಗಿನಲ್ಲಿ ಮಾತ್ರ 1861ರಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಸಿಕ್ಕ ರಿಯಾಯಿತಿ ಮುಂದುವರಿದಿದೆ. ಕೈಲ್ ಮುಹೂರ್ತದ ದಿನ ಕೋವಿಗೆ ಹೂವಿಟ್ಟು ಪೂಜಿಸಿ, ಮರದ ಮೇಲಿನ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆ ಅಲ್ಲಿ ಇಂದಿಗೂ ಉಂಟು. ಕೋವಿಗೆ ಅದಕ್ಕಿಂತ ಒಳ್ಳೆಯ ಕೆಲಸವನ್ನು ನಾನು ಕಾಣೆ. ನಮ್ಮ ಕಡೆ ಹಂದಿಯ ಜೊತೆಗೆ ಈಗ ಆನೆಯ ಕಾಟವೂ ಸೇರಿದೆ. ಆಲೂರು, ಸಕಲೇಶಪುರ, ಬೇಲೂರಿನ ರೈತರು ರಾತ್ರಿ ನಿದ್ದೆಗೆಟ್ಟು ಕೂರುತ್ತಾರೆ. ಈ ಕಷ್ಟಕ್ಕೆ ಯಾವ ಕೋವಿಯೂ ಉತ್ತರವಲ್ಲ. ಸಿಟ್ಟಿಗೆದ್ದು ದೊಡ್ಡ ಸದ್ದಿನ ಉಪಾಯವನ್ನು ಕೇಳುವವರನ್ನು ಕಂಡಾಗ ಮಾತ್ರ ನನಗೆ ಆ ಮೊದಲನೆಯ ಹಾಳೆ ನೆನಪಾಗುತ್ತದೆ: ಸುತ್ತೆಲ್ಲ ತೂತು, ನಡುವೆ ಬರಿದು.

ಅಜ್ಜ ಹೋದ ಮೇಲೆ ನಮ್ಮ ತಂದೆ ಪರವಾನಗಿಯನ್ನೂ ಕೋವಿಯನ್ನೂ ಸರ್ಕಾರಕ್ಕೆ ಹಿಂದಿರುಗಿಸಿದರು. ಮನೆಯಲ್ಲಿ ಉಳಿದದ್ದು ವಾಟೆಯ ಕೊಳವೆಯೊಂದೇ. ಕಾಲು ಊನವಾದ ಆ ಆಳಿಗೆ ಅಜ್ಜ ಬದುಕಿರುವವರೆಗೂ ಸುಗ್ಗಿಯಲ್ಲಿ ಬತ್ತ ಅಳೆದು ಕೊಡುತ್ತಿದ್ದರು. ಆಮೇಲೆ ಚಿಕ್ಕಪ್ಪ ಕೊಟ್ಟ. ಒಂದು ವರ್ಷ ಚಿಕ್ಕಪ್ಪ ಕಣದಲ್ಲಿ ಕೊಳಗ ಹಿಡಿದು ಅಳೆಯುತ್ತಿದ್ದಾಗ ನಾನೂ ಅಲ್ಲಿದ್ದೆ. ಲೆಕ್ಕ ಮುಗಿದ ಮೇಲೂ ಅವನು ಮತ್ತೊಂದು ಕೊಳಗ ತುಂಬಿದ. ಆ ಮನುಷ್ಯ ನಕ್ಕು, “ಸಾಕು ಬುಡಿ ಗೌಡ್ರೆ, ಅಳತೆ ಆತಲ್ಲ” ಎಂದ. ಚಿಕ್ಕಪ್ಪ ತಲೆಯೆತ್ತದೆ, “ಅವತ್ತು ಅಳೀಲಿಲ್ವಲ್ಲ ಕಣಪ್ಪ” ಎಂದು ಚೀಲಕ್ಕೆ ಸುರಿದ.